ಬ್ಲೇಡಿನಗಲ

ರೂವಿಯ ಆಫೀಸಿನಲ್ಲಿ ನಕಾಶೆ ಬರೆಯುವವನು ನಾನು.
ಎಪ್ಪತ್ತನಾಲ್ಕರ ಸೆಖೆ. ಏಸಿ ಕೆಮ್ಮುತ್ತಿತ್ತು.
ಬೆವರು ತೊಟ್ಟಿಕ್ಕಿದರೆ ಮಸಿ ಕದಡುತ್ತದೆಂದು
ಹಣೆಗೆ ಪಂಚೆಯ ಚೂರು ಕಟ್ಟಿ ಕೂರುತ್ತಿದ್ದೆ.

ಕೂಪ್‌ಮನ್ ಸಾಹೇಬರ ಬಾಣಗಳೆಲ್ಲ ನೆಟ್ಟಗೆ:
ಮೇಲಕ್ಕೆ, ಕೆಳಕ್ಕೆ, ಲಿಫ್ಟಿನ ಗುಂಡಿಗಳ ಹಾಗೆ.
"ನೆಲ ಏಳುತ್ತದೆ, ಇಳಿಯುತ್ತದೆ, ತಿಂಗಳಾಯ,
ಜಾಗ ಬಿಟ್ಟು ಕದಲುವುದಿಲ್ಲ."
ಇಪ್ಪತ್ತೆರಡು ವರ್ಷ ಅವರು ಹಾಗೆ ಹೇಳಿದ್ದರು,
ಮೂರು ವರ್ಷ ನಾನು ಹಾಗೆ ಬರೆದಿದ್ದೆ.
ನನಗೇನು ತಕರಾರು? ಮಲ್ಪೆಯ ಶಾಲೆಯಲ್ಲಿ ಪಂಡಿತರು
ಭೂಮಿಗೆ ಅಚಲೆ, ಸ್ಥಿರೆ ಎಂದು
ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರು.

ಆಮೇಲೆ ಹಡಗಿನವರ ವರದಿಗಳು ಬಂದವು.
ಕಡಲ ತಳದಲ್ಲಿ ಪಟ್ಟೆ ಪಟ್ಟೆ ಕಲ್ಲು,
ನಡುವಿನ ಬಿರುಕಿನ ಆಚೆಗೂ ಈಚೆಗೂ
ಸೀರೆಯ ಎರಡು ಅಂಚಿನಂತೆ ಸರಿಜೋಡಿ.
ಸಾಹೇಬರು ಓದಿ, ಮಡಚಿ, ಡ್ರಾಯರಿಗೆ ಹಾಕಿ ಬೀಗ ಜಡಿದರು.
ಮರುದಿನ ತೆಗೆದರು. ಮತ್ತೆ ಜಡಿದರು.
ಕ್ಯಾಂಟೀನಿನಲ್ಲಿ ಕಿರಿಯರು ಚಹಾದ ಮೇಲೆ
ಎರಡು ಬಿಸ್ಕತ್ತು ತೇಲಿಸಿ ಒಂದಕ್ಕೊಂದು ಹಾಯಿಸುತ್ತಿದ್ದರು;
ಅವರು ಬಂದರೆ
ಗಬಕ್ಕನೆ ತಿಂದು ಮುಗಿಸುತ್ತಿದ್ದರು.

ಸೋಹಾರಿನ ಹಿಂದಿನ ವಾದಿಯಲ್ಲಿ ಟಯರು ಪಂಕ್ಚರು.
ಖಲ್ಫಾನ್ ಜಾಕಿ ಇಟ್ಟ. ಸಾಹೇಬರು
ದಂಡೆಯ ಗೋಡೆಗೆ ಅಂಗೈಯಿಟ್ಟು ನಿಂತರು.
ದಿಂಬಿನ ಮೇಲೆ ದಿಂಬು ಒಟ್ಟಿದಂತೆ ಉಬ್ಬುಬ್ಬು ಕರಿಕಲ್ಲು.
"ಲಾವಾ ನೀರಿನೊಳಗೆ ಉಕ್ಕಿದರೆ ಈ ಆಕಾರ."
ಗೊತ್ತಿದ್ದದ್ದೇ. ಹತ್ತು ಸಲ ಅವರೇ ಹೇಳಿದ್ದು.
ಈ ಸಲ ಹೇಳಿ, ಟೋಪಿ ತೆಗೆದು, ಕೂತುಬಿಟ್ಟರು.
"ಕಡಲ ತಳಕ್ಕೆ ತಳವೇ ನಡೆದು ಬಂದಿದೆ."
ಯಾರಿಗೆ ಹೇಳಿದರೋ. ಖಲ್ಫಾನ್ ನಟ್ಟು ಬಿಗಿಯುತ್ತಿದ್ದ.

ಶನಿವಾರ ಬೆಳಿಗ್ಗೆ: "ಕೆರೆದುಬಿಡು."
ಹೊಸ ಬ್ಲೇಡು ಬಿಚ್ಚಿ ಒಂದೊಂದೇ ಬಾಣ ಕೆರೆದೆ.
ಕಲ್ಲಿನ ಬಣ್ಣ ಒಂದೂ ಬದಲಾಗಲಿಲ್ಲ,
ಊರಿನ ಹೆಸರು, ಬಾವಿಯ ಗುರುತು, ಏನೂ.
ಬಾಣಗಳು ಮಾತ್ರ ಅಡ್ಡವಾದವು.
ಅಷ್ಟಕ್ಕೇ ಇಡೀ ಹಾಳೆ, ಅಂಗಾತ ಮಲಗಿದ್ದವ
ನಿದ್ದೆಯಲ್ಲಿ ಮಗ್ಗುಲಾದಂತೆ.

"ವರ್ಷಕ್ಕೆ ಎಷ್ಟು ದೂರ, ಸಾಹೇಬರೆ?"
ನನ್ನ ಕೈ ನೋಡಿದರು. "ಆ ಬ್ಲೇಡಿನಗಲ.
ಉತ್ತರಕ್ಕೆ. ಇರಾನಿನ ಕಡೆಗೆ."

ಆಗ ನಮ್ಮೂರೆದುರಿನ ದ್ವೀಪದ ಮಾತು ತೆಗೆದೆ:
ಯಾರೋ ಕಡೆದು ನಿಲ್ಲಿಸಿದಂಥ ಆರು ಮೂಲೆಯ ಕಂಬಗಲ್ಲು,
ದೊಡ್ಡಪ್ಪ ಬಲೆ ಹರವುತ್ತಿದ್ದ ಜಾಗ.
ಅಟ್ಲಾಸು ತೆರೆದು ಮಡಗಾಸ್ಕರದ ಮೇಲೆ ಬೆರಳಿಟ್ಟರು.
"ಇಲ್ಲಿಂದ ಹರಿದ ಗಾಯ, ಇರಬಹುದು."
ಇರಬಹುದು.
ಆ ಮಾತು ಅವರ ಬಾಯಲ್ಲಿ ಅದೇ ಮೊದಲು.

ಕೆರೆದ ಜಾಗ ಒರಟು. ಬಳಪದ ಪುಡಿ ಉಜ್ಜಿದರೂ
ಮಸಿ ಚೂರು ಹರಡುತ್ತದೆ.
ಅಚ್ಚಾದ ಪ್ರತಿ ಎಲ್ಲಾದರೂ ಸಿಕ್ಕರೆ ನೋಡಿ:
ಬಾಣಗಳು ಬೇಕಾದ್ದಕ್ಕಿಂತ ದಪ್ಪ.
ತಪ್ಪು ನನ್ನದಲ್ಲ.