ಕಳಾವರ್ ರಾಜ, ಆಟೀನ್ ಒಂಬತ್ತು

ಮೊಂಟಾನಾ, ಬ್ಯೂಟ್. ಮಂಗಳವಾರ ರಾತ್ರಿ.
ಬಾರಿನ ಹಿಂದಿನ ಕೋಣೆಯಲ್ಲಿ ಹೀಟರು
ಕೆಮ್ಮುತ್ತ ಕೂತಿದೆ, ನಮ್ಮ ಹಾಗೆಯೇ.

ಎಲೆಗಳ ತುದಿ ಎತ್ತಿ ನೋಡುತ್ತೇನೆ:
ಕಳಾವರ್ ರಾಜ, ಆಟೀನ್ ಒಂಬತ್ತು.
ಮದುವೆಗೆ ಕರೆದರೂ ಆಯಿತು, ಬಿಟ್ಟರೂ ಆಯಿತು
ಅನ್ನುವಂಥ ದೂರದ ನೆಂಟ.

ಸಂಜೆ ಆರಕ್ಕೆ ಇದೇ ಜೋಡಿ ಬಂದಿತ್ತು.
ಮೊದಲು ಮಾತಾಡಬೇಕಾದ ಕುರ್ಚಿ; ನನ್ನ ನಂತರ
ಏಳು ಮಂದಿ ಇನ್ನೂ ಬಾಯಿ ತೆರೆದಿರಲಿಲ್ಲ.
ಯೋಚಿಸದೆ ಎಸೆದೆ.
ಈಗ ಮುಂದಿನವರೆಲ್ಲ ಎಸೆದಾಗಿದೆ. ಉಳಿದವರು ಇಬ್ಬರು:
ಹೆಡ್‌ಫೋನು ಸಿಕ್ಕಿಸಿಕೊಂಡ ಹುಡುಗ,
ಮತ್ತು ಆರ್ವಿಲ್ ಟ್ರೆಗಾ.

ಹುಡುಗ ಪಿಜ್ಜಾ ತಿನ್ನುತ್ತಿದ್ದಾನೆ,
ತಿನ್ನುವವನ ಚಿಂತೆಯಿಲ್ಲ.
ಆರ್ವಿಲ್‌ನನ್ನು ಹದಿನೇಳು ವರ್ಷದಿಂದ ಓದಿದ್ದೇನೆ:
ಎಸೆಯುವುದಾದರೆ ಎಲೆ ಎರಡು ಬೆರಳ ನಡುವೆ,
ಸಿಗರೇಟಿನಂತೆ.
ಒಳ್ಳೆಯದು ಬಿದ್ದರೆ ಎಲೆ ಮೇಜಿಗೆ ಅಂಟಿ,
ಮೇಲೆ ಹೆಬ್ಬೆರಳು, ಸಣ್ಣಗೆ ನಡುಗುತ್ತ.

ನಡುಗುತ್ತಿದೆ.
ಆದರೆ ಅಕ್ಟೋಬರಿನಲ್ಲಿ ಮೂರು ವಾರ
ಆಸ್ಪತ್ರೆಯಲ್ಲಿದ್ದ. ಏನಾಗಿತ್ತೆಂದು ಅವನು ಹೇಳಲಿಲ್ಲ,
ಈ ಮೇಜಿನಲ್ಲಿ ಯಾರೂ ಕೇಳುವುದಿಲ್ಲ.

"ಮಿಲ್ಕಾ, ನಿನ್ನ ಸರದಿ," ಅಂದಳು ಡೀಲರ್.
ಮೂರು ಚಿಪ್ಪು ಬೆರಳಲ್ಲಿ ಬೆಚ್ಚಗಾಗಿವೆ.
ರಾಜನನ್ನು ನಂಬಬಹುದಿತ್ತು,
ಒಂಬತ್ತನ್ನು ಸಹಿಸಬಹುದಿತ್ತು.
ಎಸೆದೆ.

ಆರ್ವಿಲ್ ಏರಿಸಿದ; ಹುಡುಗ ತಿನ್ನುತ್ತಲೇ ಬಿಟ್ಟ.
ಎಲೆ ತೋರಿಸದೆ ಒಳಗೆ ತಳ್ಳಿ
ಗೆದ್ದ ಐದು ಡಾಲರನ್ನು ಗೋಪುರಕ್ಕೆ ಸೇರಿಸುತ್ತಿದ್ದಾನೆ.
ಕೈಯಲ್ಲಿ ಈಗ ಎಲೆಯಿಲ್ಲ.
ಹೆಬ್ಬೆರಳು ಇನ್ನೂ ನಡುಗುತ್ತಿದೆ.
ಚಿಪ್ಪೊಂದು ಉರುಳಿ ನನ್ನ ಕಡೆ ಬಂತು.
ಹಿಂದಕ್ಕೆ ತಳ್ಳಿದೆ.