ಮೂರನೆಯದು

ಗ್ಯುಮ್ರಿಯಲ್ಲಿ ಜನವರಿ ಎಂದರೆ
ಮೂಗಿನೊಳಗಿನ ಉಸಿರೂ ಮುರಿಯುವ ಚಳಿ.
ಹಸಿರು ಓಪೆಲ್ಲಿನ ಕೀಲಿ ತಿರುಗಿಸಿದೆ.
ಕೆಮ್ಮಿತು. ಮತ್ತೆ ಕೆಮ್ಮಿತು. ಹೇಗೋ ಹಿಡಿಯಿತು,
ಆದರೆ ಮೂರೇ ಕಾಲಿನ ಕುರ್ಚಿಯಲ್ಲಿ
ಯಾರೋ ಕೂತ ಹಾಗೆ ಮೈಯೆಲ್ಲ ನಡುಕ.

ಹಿಂದಿನ ಸೀಟಿನಿಂದ ನಾಜೆಲಿ: ಅಮ್ಮ, ಶಾಲೆಗೆ ತಡ.
ಪಕ್ಕದ ಸೀಟಿನಿಂದ ಅತ್ತೆ: ನಾನು ಆಗಲೇ ಹೇಳಿದ್ದೆ.
ಏನು ಹೇಳಿದ್ದಿರಿ ಎಂದು ಕೇಳಲಿಲ್ಲ ನಾನು.
ಹನ್ನೊಂದು ವರ್ಷದಿಂದ ಕೇಳಿಲ್ಲ.

ವಾರಾಜ್‌ದಾತನ ಗ್ಯಾರೇಜು
ರೈಲುಹಳಿ ಪಕ್ಕದ ಒಂದು ತುಕ್ಕಿನ ಡಬ್ಬ.
ಭೂಕಂಪದ ಮಾರನೆ ವರ್ಷ
ಇದರಲ್ಲಿ ಏಳು ಜನ ಮಲಗುತ್ತಿದ್ದರಂತೆ.
ಈಗ ಎರಡು ಜ್ಯಾಕು, ಒಂದು ಸ್ಟೋವು, ಒಂದು ಬೆಕ್ಕು.

ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು
ಇಂಜೆಕ್ಟರಿನ ನೆತ್ತಿಯ ಮೇಲಿಟ್ಟು
ಹಿಡಿಯನ್ನು ನನ್ನ ಕಿವಿಗೆ ಕೊಟ್ಟ. ಕೇಳು, ಎಂದ.
ಒಂದನೆಯದು ಹೊಲಿಗೆ ಮಿಷನ್ನು: ಟಿಕ್ ಟಿಕ್ ಟಿಕ್.
ಎರಡು, ಹಾಗೇ. ನಾಲ್ಕು, ಹಾಗೇ.
ಮೂರನೆಯದು ಉಗುಳು ನುಂಗುತ್ತಿತ್ತು.

ಗ್ಯಾಸಿನಲ್ಲೇ ಓಡಿಸುತ್ತೀಯ?
ಊರೇ ಗ್ಯಾಸಿನಲ್ಲಿ ಓಡುತ್ತದಲ್ಲ.
ಪೆಟ್ರೋಲು?
ಬೆಳಗಿನ ಚಳಿಗೆ, ಎರಡು ನಿಮಿಷ,
ಇಂಜಿನ್ನು ಬೆಚ್ಚಗಾಗುವ ತನಕ.
ಅದಕ್ಕೇ, ಎಂದ. ಬಳಸಿ ಕೆಟ್ಟಿದ್ದಲ್ಲ ಇದು,
ಬಳಸದೆ ಕೆಟ್ಟಿದ್ದು. ನಿಂತ ಪೆಟ್ರೋಲು
ಬಾಟಲಿಯ ತಳದ ಏಪ್ರಿಕಾಟ್ ಜಾಮಿನಂತೆ
ಅಂಟಿಕೊಳ್ಳುತ್ತೆ, ಸೂಜಿಯ ಬಾಯಿಗೇ.

ಪಂಪಿನ ಫ್ಯೂಸು ಕಿತ್ತ.
ಕೊಳವೆಯಲ್ಲಿದ್ದದ್ದನ್ನೆಲ್ಲ ಕುಡಿದು
ಇಂಜಿನ್ನು ತಾನಾಗಿ ಸುಮ್ಮನಾಗಲಿ ಎಂದು ಕಾದ.
ಆಮೇಲೆ ನಾಲ್ಕನ್ನೂ ಒಂದೊಂದಾಗಿ,
ಮಗುವಿನ ಹಾಲುಹಲ್ಲು ಅಲುಗಿಸಿ ಅಲುಗಿಸಿ ತೆಗೆದ ಹಾಗೆ.
ಗುಂಯ್‌ಗುಡುವ ತೊಟ್ಟಿಯಲ್ಲಿ ಮುಳುಗಿಸಿದ.
ಚಹಾದ ಬಣ್ಣದ ಹೊಗೆಯೊಂದು
ಮೂರನೆಯದರ ಬಾಯಿಂದ ನೀರಿಗಿಳಿಯಿತು.

ನಾಲ್ಕು ಗಾಜಿನ ಕೊಳವೆ, ನಾಲ್ಕು ಸಿಂಪಡಿಕೆ.
ಮೂರು ಸಮಸಮ. ಒಂದು ಎರಡು ಬೆರಳು ಗಿಡ್ಡ.
ಕರೆಂಟು ನಿಂತ ಮೇಲೂ ತುದಿಯಲ್ಲಿ ಒಂದು ಹನಿ,
ಇನ್ನೊಂದು.
ಹನಿಗೂಡಿದರೆ ಹಳ್ಳವೇನೋ ನಿಜ,
ಇಲ್ಲಿ ಹನಿಗೂಡಿದರೆ ಸಿಲಿಂಡರು ಹಾಳು.

ಹೊಸತೊಂದು ಇತ್ತು, ಹೊಳೆಯುವ ಪೆಟ್ಟಿಗೆಯಲ್ಲಿ.
ಹಾಕಿ ನೋಡಿದ: ಉಳಿದವಕ್ಕಿಂತ ಬಾಯಿ ಜೋರು.
ಆ ಮೂರರ ಜೊತೆ ಇದು ಸಂಸಾರ ಮಾಡಲ್ಲ, ಎಂದ.
ಹಿತ್ತಲಲ್ಲಿ ಹಿಮ ಹೊದ್ದು ಮಲಗಿದ್ದ
ಸತ್ತ ಓಪೆಲ್ಲೊಂದರ ಎದೆ ಬಿಚ್ಚಿ ತಂದ,
ಅದೇ ನಂಬರು, ಅದೇ ಇಸವಿ.
ತೊಳೆದ. ಅಳೆದ. ಕೂದಲೆಳೆ ಕಡಿಮೆ. ಇರಲಿ.

ಹೊಸ ರಬ್ಬರು ಉಂಗುರಗಳಿಗೆ
ಬೆರಳಲ್ಲಿ ಎಣ್ಣೆ ಸವರುತ್ತ ನನಗೂ ಕಲಿಸಿದ:
ಒಣಗಿದ್ದನ್ನು ಒತ್ತಬೇಡ, ಹರಿಯುತ್ತೆ.

ಇಷ್ಟೂ ಹೊತ್ತು ಅತ್ತೆ ಸ್ಟೋವಿನ ಪಕ್ಕ
ಬೆಕ್ಕಿನ ಹತ್ತಿರ ಮಾತಾಡುತ್ತಿದ್ದರು.
ನನ್ನ ಗಂಡನಿಗೆ ಆರನೇ ವಯಸ್ಸಿನಲ್ಲಿ
ಜ್ವರ ಬಂದ ರಾತ್ರಿಯ ಕಥೆ.
ನನಗೆ ಗೊತ್ತಿರಲಿಲ್ಲ.
ಬೆಕ್ಕಿಗೆ ಈಗ ಗೊತ್ತು.

ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರು
ಪೆಟ್ರೋಲಿನಲ್ಲೇ ಓಡಿಸು, ಇದು ಅವನ ಔಷಧ ಚೀಟಿ.
ಭಾನುವಾರ ಗ್ಯಾಸಿನ ಗುಂಡಿ ಆರಿಸಿದೆ.
ಎಲ್ಲಿಗೆ? ಅತ್ತೆ.
ಎಲ್ಲಿಗೂ ಇಲ್ಲ, ಮಾರಾಲಿಕ್‌ವರೆಗೆ.
ಪೆಟ್ರೋಲು ಸುಟ್ಟುಕೊಂಡು?
ಹೂಂ.

ಲೀಟರಿಗೆ ಎಷ್ಟು ಗೊತ್ತಾ ಎಂದು ಶುರುವಾದವರು
ಮಾವ ಈ ಕಾರಿಗಾಗಿ ಪಿಯಾನೋ ಮಾರಿದ್ದು,
ಪಿಯಾನೋ ಕೊಂಡವಳ ಮೂಗು,
ಆ ಮೂಗಿನ ಮೇಲಿನ ನರಹುಲಿ,
ಮಾರಾಲಿಕ್ ದಾಟಿದರೂ ಮುಗಿಯಲಿಲ್ಲ.

ಬಯಲೆಲ್ಲ ಬಿಳಿ. ಇಂಜಿನ್ನು ಹದವಾಗಿ ಹೊಲಿಯುತ್ತಿತ್ತು.
ಅವತ್ತು ಬೆಳಗ್ಗೆ, ಕೇಳಿದೆ,
ಆಗಲೇ ಹೇಳಿದ್ದೆ ಅಂದಿರಲ್ಲ, ಏನು ಹೇಳಿದ್ದಿರಿ?

ಅತ್ತೆ ಕಿಟಕಿಯತ್ತ ನೋಡಿದರು, ಬಹಳ ಹೊತ್ತು.
ನೆನಪಿಲ್ಲ, ಎಂದರು.
ಆದರೆ ಹೇಳಿದ್ದೆ.