ಒಂದು ‘ಇಸು’

ಅಂಧೇರಿ ಕೋರ್ಟಿನ ಮೂರನೇ ಮಾಳಿಗೆ.
ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ
ಕಕ್ಷಿದಾರರ ಹಾಗೆ ಕೂತಲ್ಲೇ ಕೂತಿರುತ್ತದೆ.
ನಾನು ದುಭಾಷಿ. ಕರೆದ ದಿನಕ್ಕೆ ಇಷ್ಟು ಎಂದು ಭತ್ಯೆ.
ಡೊಂಬಿವಿಲಿಯಿಂದ ಏಳೂ ಹತ್ತರ ಫಾಸ್ಟು,
ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೋ.
ಡಬ್ಬಿಯಲ್ಲಿ ಮೊಸರನ್ನ.

ಕಟಕಟೆಯಲ್ಲಿ ಲಗಮವ್ವ. ಅಥಣಿ ಕಡೆಯವಳು,
ಈಗ ಜೋಗೇಶ್ವರಿಯ ಚಾಳು.
ಬೆಳಗಿನ ಜಾವ ಮೂರೂವರೆಗೆ
ಪಾಕೀಟಿನ ಮೂಲೆಯನ್ನು ಬ್ಲೇಡಿನಲ್ಲಿ ಕೊಯ್ದು
ಒಂದು ಲೋಟ ಹಾಲು ತೆಗೆದು
ಒಂದು ಲೋಟ ನಲ್ಲಿನೀರು ತುಂಬಿ
ಮೇಣದಬತ್ತಿಯ ಉರಿಗೆ ಹಿಡಿದು ಬಾಯಿ ಮುಚ್ಚುವ ಕೆಲಸ.
ಪಾಕೀಟಿಗೆ ಎಂಟಾಣೆ.
ಸೇಠನಿಗೆ ಜಾಮೀನು ಸಿಕ್ಕಿದೆ.
ಇವಳ ಹೆಬ್ಬೆರಳಲ್ಲಿ ಮೇಣ ಸುಟ್ಟ ಕಲೆ.

“ಕೆಡಿಸಿಲ್ರೀ ಬಾಯಾರ,” ಅಂದಳು, “ತೆಳ್ಳಗ ಮಾಡೀನಿ ಅಷ್ಟ.
ಆಮ್ಯಾಲ ಹಾಲು ತಾನ ಕೆಟ್ಟರ ನಾ ಏನ್ ಮಾಡ್ಲಿ?”

ಮ್ಯಾಜಿಸ್ಟ್ರೇಟ್ ಮೇಡಂ ನನ್ನ ಕಡೆ ನೋಡಿದರು.
ಟೈಪಿಸ್ಟ್ ಬೆರಳೆತ್ತಿ ಕಾದಳು.

ಇಂಗ್ಲಿಷಿನದು ಕಿರಾಣಿ ಅಂಗಡಿಯ ಗೋಡೆ.
ಒಂದೊಂದು ಕೇಡಿಗೂ ಒಂದೊಂದು ಡಬ್ಬ, ಮೇಲೆ ಚೀಟಿ.
ಹಾಲಿಗೆ ನೀರು ಬಿದ್ದರೆ ಅಡಲ್ಟರೇಟ್.
ಜುಲೈ ತಿಂಗಳ ಬಾಗಿಲು ಉಬ್ಬಿ ಸೊಟ್ಟಗಾದರೆ ವಾರ್ಪ್.
ನಾಣ್ಯದಲ್ಲಿ ತಾಮ್ರ ಜಾಸ್ತಿಯಾದರೆ ಡಿಬೇಸ್.
ಫೋನಿನಲ್ಲಿ ಮಾತು ಕಲಸಿಕೊಂಡು ಬಂದರೆ ಗಾರ್ಬಲ್,
ಆಡಿದ ಮಾತನ್ನೇ ಹಿಂಡಿ ತಿರುಚಿದರೆ ಡಿಸ್ಟಾರ್ಟ್.
ಲಂಚ ತಿಂದ ಗುಮಾಸ್ತ ಕರಪ್ಟ್,
ಅವನ ಕಂಪ್ಯೂಟರಿನಲ್ಲಿ ತೆರೆಯದ ಫೈಲೂ ಕರಪ್ಟ್.
(ಪರ್ವರ್ಟ್ ಎಂಬುದನ್ನು ನ್ಯಾಯಕ್ಕೂ ಹಚ್ಚುತ್ತಾರೆಂದು
ತಿಳಿದ ದಿನ ನಾನು ಚಹಾ ಚೆಲ್ಲಿಕೊಂಡಿದ್ದೆ.)

ನಮ್ಮದು ಒಂದೇ ಗಡಿಗೆ. ಕೆಡು.
ಹಾಲು ಕೆಡುತ್ತದೆ, ಹವಾ ಕೆಡುತ್ತದೆ,
ಹೊಟ್ಟೆ, ತಲೆ, ಹೆಸರು, ಕಾಲ.
ಗೋರೆಗಾಂವಿಗೆ ಮನೆ ಬದಲಿಸಿದ ಮೇಲೆ ಅಣ್ಣನ ಮಗ.
ಬೇರೆ ಮಾತಿಗೆ ಅಂಟಿಕೊಂಡರೆ ಗೆಟ್ಟ:
ಗತಿಗೆಟ್ಟ, ನಿದ್ದೆಗೆಟ್ಟ, ಮಾನಗೆಟ್ಟ.
ಮೊದಲಿನ ಎರಡು ಲಗಮವ್ವನ ಕಣ್ಣಲ್ಲೇ ಇದ್ದವು.
ಮೂರನೆಯದನ್ನು ಸಾಬೀತು ಮಾಡಲು ಸರ್ಕಾರ ಬಂದಿತ್ತು.

ಆದರೆ ಕೆಡು ಬೇರೆ, ಕೆಡಿಸು ಬೇರೆ.
ನಡುವೆ ಒಂದು ಇಸು, ಬರೀ ಎರಡಕ್ಷರ.
ಈಚೆಗಿದ್ದರೆ ಗ್ರಹಚಾರ,
ಆಚೆಗಿದ್ದರೆ ಭಾಯಖಳಾ ಜೈಲು.
ಅವಳು ಬಿಸಿ ಹೆಂಚಿನ ಮೇಲೆ ನಿಂತವಳಂತೆ
ಆ ಎರಡಕ್ಷರದ ಮೇಲೆ ನಿಂತು
ಕೈಯಲ್ಲಿ ಮೂರನೇ ಮಾತೊಂದನ್ನು ಹಿಡಿದಿದ್ದಳು: ತೆಳ್ಳಗ.

ಮಾಟುಂಗಾದ ಖೋಲಿಯಲ್ಲಿ, ಹೇಳದೆ ನೆಂಟರು ಬಂದರೆ
ಅಮ್ಮ ಮಜ್ಜಿಗೆಗೆ ಎರಡು ಚೊಂಬು ನೀರು ಸುರಿಯುತ್ತಿದ್ದಳು.
ಅದಕ್ಕೆ ನಮ್ಮಲ್ಲಿ ‘ಬೆಳೆಸುವುದು’ ಎಂದು ಹೆಸರು.
ನೆಂಟರೂ ಹೊಗಳಿ ಕುಡಿಯುತ್ತಿದ್ದರು.
ಇದು ನೆನಪಾಗಬಾರದ ಹೊತ್ತಲ್ಲಿ ನೆನಪಾಯಿತು.

ಮೇಡಂ ಪೆನ್ನಿನ ತುದಿಯಿಂದ ಮೇಜು ಬಡಿದರು.
ಪಟ್ಟಿಯಲ್ಲಿ ಇನ್ನೂ ಮೂವತ್ತೊಂದು ಕೇಸು.
ತೆಳ್ಳಗೆ ಎಂಬುದಕ್ಕೆ ಕಲಮಿನಲ್ಲಿ ಜಾಗವಿಲ್ಲ.
ನಾನು ಎರಡೇ ಮಾತು ಹೇಳಿದೆ: ಅಡ್ಮಿಟ್ಸ್ ಅಡಲ್ಟರೇಶನ್.
ಟಕಟಕ. ಮುಂದಿನವರು.
ಲಗಮವ್ವ ನನಗೇ ಕೈ ಮುಗಿದಳು,
ತನ್ನ ಮಾತು ಅಲ್ಲಿಗೆ ತಲುಪಿತೆಂದು.

ಸಂಜೆ ಮೆಟ್ರೋದಲ್ಲಿ, ಬಾಗಿಲ ಗಾಜಿಗೆ ಹಣೆ ಹಚ್ಚಿ,
ಗೋಡೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ಇಳಿಸಿ ನೋಡಿದೆ.
ತಿರುಚಲಿಲ್ಲ, ದೇವರಾಣೆ.
ಲಂಚ ಮುಟ್ಟಿದವನಲ್ಲ.
ಕಲಸಲೂ ಇಲ್ಲ, ಉಚ್ಚಾರ ಸ್ಪಷ್ಟವಿತ್ತು.
ಸ್ವಲ್ಪ ತೆಗೆದೆ,
ಸ್ವಲ್ಪ ತುಂಬಿದೆ,
ಬಾಯಿ ಮುಚ್ಚಿದೆ.

ಡಬ್ಬಿ ಬಿಚ್ಚಿಯೇ ಇರಲಿಲ್ಲ. ಮನೆಯಲ್ಲಿ ಶಾಲಿನಿ
ಮುಚ್ಚಳ ತೆಗೆದು ಮೂಸಿದಳು.
“ಕೆಟ್ಟಿತಾ?”
ಹೂಂ, ಕೆಟ್ಟಿತು, ಅಂದೆ.
ಇಸು ಹಾಕಲಿಲ್ಲ.